ಕಿವಿಗೆ ಬಂದದ್ದು, ಕಣ್ಣಿಗೆ ಬಾರದ್ದು: ಉಮರ್ಗಾ, ನಿಲಂಗಾ, ಉದಗೀರದಿಂದ ದೊಡ್ಡ ಶಹರದ ಕಲೆ, ಹಾಡು, ಪುಸ್ತಕ

(ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ಆಡಿದ ಮಾತಿನ ಬರಹರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ. ಕೊನೆಗೆ ಪ್ರಶ್ನೋತ್ತರದ ಒಂದು ಭಾಗವಿದೆ.)

ಧ್ವನಿ ಸರಿಯಾಗಿ ಕೇಳ್ತಿದೆ ಅಂದುಕೊಳ್ತೀನಿ. ಇವತ್ತು ಉಮರ್ಗಾ ತಾಲೂಕಿನ ನಮ್ಮ ಊರಿನ ಮನೆಯಿಂದಲೇ ಮಾತಾಡ್ತಿದ್ದೇನೆ. ನಡುವೆ ನೆಟ್‌ವರ್ಕ್ ಹೋದರೆ ಎರಡು ನಿಮಿಷ ಕಾಯ್ರಿ, ಮತ್ತೆ ಬರ್ತೀನಿ.

ಈ ಸರಣಿಯ ವಿಷಯ ದೊಡ್ಡ ನಗರದಲ್ಲಿ ಹೊಸ ಕಲೆ, ಇಂಡೀ ಸಂಗೀತ, ಹೊಸ ಪುಸ್ತಕಗಳ ಬೆನ್ನು ಹತ್ತುವುದು ಹೇಗೆ ಅನ್ನೋದು. ನನಗಿಂತ ಮೊದಲು ಮಾತಾಡಿದವರು ಬೆಂಗಳೂರಿನ ಅನುಭವ ಹೇಳಿದರು. ಯಾವ ಗ್ಯಾಲರಿಯಲ್ಲಿ ಏನು ನಡೀತಿದೆ, ಯಾವ ಅಂಗಡಿಯಲ್ಲಿ ಯಾವ ಪುಸ್ತಕ ಬಂತು ಅನ್ನುವುದು ಅವರಿಗೆ ಸಂಜೆ ಬಸ್ ಹತ್ತಿ ಹೋಗಿ ನೋಡುವ ಸಂಗತಿ. ಕೇಳುತ್ತಾ ಕೂತಾಗ ನನಗೊಂದು ತೊಡಕು ಕಂಡಿತು. ‘ನಗರ’ ಅಂದಾಗ ಅವರ ಮನಸ್ಸಿನಲ್ಲಿ ಒಂದೇ ನಗರ ಇತ್ತು. ನಮ್ಮ ಕಡೆ ಹಾಗಲ್ಲ. ಉಮರ್ಗಾದ ಹೆದ್ದಾರಿ ಮೇಲೆ ನಿಂತರೆ ಒಂದು ಕಡೆಯ ಬಸ್ಸು ಸೋಲಾಪುರ, ಪುಣೆಗೆ ಹೋಗ್ತದೆ, ಇನ್ನೊಂದು ಕಡೆಯದು ಹುಮನಾಬಾದ, ಜಹೀರಾಬಾದ ಹಿಡಿದು ಹೈದರಾಬಾದಿಗೆ. ಅದೇ ರಾಷ್ಟ್ರೀಯ ಹೆದ್ದಾರಿ 65. ಆಳಂದ ಹಾದಿ ಹಿಡಿದರೆ ಕಲಬುರಗಿ, ಅಲ್ಲಿಂದ ಬೆಂಗಳೂರು. ಉದಗೀರದವರಿಗೆ ರೈಲಿದೆ: ಒಂದು ಕಡೆ ಲಾತೂರ ರೋಡ್, ಇನ್ನೊಂದು ಕಡೆ ಭಾಲ್ಕಿ, ಬೀದರ. ಅಂದರೆ ನಮಗೆ ಮೂರು ಶಹರ, ಮೂರಕ್ಕೂ ಬೇರೆ ಬೇರೆ ಭಾಷೆ. ಮನೆಯ ಭಾಷೆ ಮಾತ್ರ ಒಂದೇ.

ಇದರ ಹಿಂದಿನ ಇತಿಹಾಸ ನಿಮಗೆ ಗೊತ್ತಿರುವುದೇ, ಬೇಗ ಹೇಳಿ ಮುಗಿಸ್ತೀನಿ. 1956ರವರೆಗೆ ಉದಗೀರ, ನಿಲಂಗಾ ಎರಡೂ ಹೈದರಾಬಾದ ರಾಜ್ಯದ ಬೀದರ ಜಿಲ್ಲೆಯ ತಾಲೂಕುಗಳು. ರಾಜ್ಯ ಪುನರ್ವಿಂಗಡಣೆ ಕಾಯ್ದೆ ಬೀದರ ಜಿಲ್ಲೆಯನ್ನು ಮೈಸೂರಿಗೆ ಕೊಡುವಾಗ ‘ಅಹಮದಪುರ, ನಿಲಂಗಾ, ಉದಗೀರ ತಾಲೂಕುಗಳ ಹೊರತಾಗಿ’ ಎಂಬ ಅರ್ಥದ ಮಾತು ಸೇರಿಸಿ ಈ ಮೂರನ್ನು ಮುಂಬಯಿ ರಾಜ್ಯಕ್ಕೆ ಹಾಕಿತು. ಉಮರ್ಗಾ ಉಸ್ಮಾನಾಬಾದ ಜಿಲ್ಲೆಯ ಜೊತೆ ಆ ಕಡೆಗೇ ಹೋಯಿತು. 1960ರಲ್ಲಿ ಮಹಾರಾಷ್ಟ್ರ ಆಯಿತು. 1982ರಲ್ಲಿ ಲಾತೂರ ಜಿಲ್ಲೆ ಬೇರೆಯಾದಾಗ ನಿಲಂಗಾ, ಉದಗೀರ ಅದಕ್ಕೆ ಸೇರಿದವು. ನಿಜಾಮರ ಕಾಲದಲ್ಲಿ ಓದಿದವರ ಶಹರ ಹೈದರಾಬಾದ, ಓದಿನ ಭಾಷೆ ಉರ್ದು. ನಂತರದವರ ಶಹರ ಔರಂಗಾಬಾದ, ಲಾತೂರ, ಪುಣೆ, ಓದಿನ ಭಾಷೆ ಮರಾಠಿ. ಕನ್ನಡ ಎರಡೂ ಕಾಲದಲ್ಲಿ ಮನೆಯೊಳಗೆ, ಹೊಲದಲ್ಲಿ, ಮಠದ ಅಂಗಳದಲ್ಲಿ ಇತ್ತು.

ಇಲ್ಲಿ ಒಂದು ಮಾತು ಸ್ಪಷ್ಟ ಮಾಡಬೇಕು. ಈ ಮೂರೂ ತಾಲೂಕುಗಳಲ್ಲಿ ಹೆಚ್ಚಿನ ಮಂದಿ ಮರಾಠಿಯವರು. ಉರ್ದು, ಲಂಬಾಣಿ, ತೆಲುಗು ಮಾತಾಡುವವರೂ ಇದ್ದಾರೆ. ನಾನು ಹೇಳ್ತಿರೋದು ಆ ನಡುವೆ ಮನೆಯಲ್ಲಿ ಕನ್ನಡ ಆಡುವ ಕುಟುಂಬಗಳ ಬಗ್ಗೆ. ಮರಾಠಿಯವರು ನಮ್ಮ ಭಾಷೆಗೆ ‘ಕಾನಡಿ’ ಅಂತಾರೆ, ನಾವೂ ಎಷ್ಟೋ ಸಲ ಹಾಗೇ ಅಂತೀವಿ. ನಮ್ಮ ಮನೆಯಲ್ಲಿ ‘ಆಯಿ’ ಅಂದರೆ ಅಜ್ಜಿ, ಶಾಲೆಯ ಪುಸ್ತಕದಲ್ಲಿ ‘ಆಯಿ’ ಅಂದರೆ ತಾಯಿ. ಒಂದನೇ ಇಯತ್ತೆಯಲ್ಲಿ ನನ್ನ ಮೊದಲ ಗೊಂದಲ ಅದೇ.

ಈಗ ನನ್ನ ವಾದಕ್ಕೆ ಬರ್ತೀನಿ. ನಮ್ಮಲ್ಲಿ ಕನ್ನಡ ಬಲ್ಲವರಲ್ಲಿ ಹೆಚ್ಚಿನವರಿಗೆ ಕನ್ನಡ ಅಕ್ಷರ ಬರುವುದಿಲ್ಲ. ಅಕ್ಕಲಕೋಟೆ, ಜತ್ತ ಕಡೆ ಕನ್ನಡ ಶಾಲೆಗಳಿವೆ, ಪುಣೆಯ ಬಾಲಭಾರತಿ ಇವತ್ತಿಗೂ ಕನ್ನಡದಲ್ಲಿ ಪಠ್ಯಪುಸ್ತಕ ಅಚ್ಚು ಹಾಕ್ತದೆ. ಆದರೆ ನಾನು ಬೆಳೆದ ಓಣಿಯಲ್ಲಿ ಎಲ್ಲರೂ ಮರಾಠಿ ಶಾಲೆಗೆ ಹೋದವರು. ಕನ್ನಡ ನಮಗೆ ಕಿವಿಯ ಭಾಷೆ, ಮರಾಠಿ ಕಣ್ಣಿನ ಭಾಷೆ. ಹೀಗಿರುವಾಗ ದೊಡ್ಡ ಶಹರದಿಂದ ಹೊಸದು ಏನೇ ಬಂದರೂ, ಅದು ಕಿವಿಯ ಹಾದಿಯಲ್ಲಿ ಬಂತೋ ಕಣ್ಣಿನ ಹಾದಿಯಲ್ಲಿ ಬಂತೋ ಅನ್ನೋದರ ಮೇಲೆ ಅದು ನಮ್ಮನ್ನು ಮುಟ್ಟುತ್ತದೋ ಇಲ್ಲವೋ ಅನ್ನೋದು ನಿಂತಿದೆ. ರುಚಿ, ದುಡ್ಡು, ದೂರ, ಇವೆಲ್ಲ ಆಮೇಲೆ.

ಮೊದಲು ಹಾಡು, ಯಾಕಂದರೆ ಅದು ಸುಲಭವಾಗಿ ದಾಟ್ತದೆ. ನಾನು ಪುಣೆಗೆ ಎಂ.ಎ. ಓದಲು ಹೋದಾಗ ರೂಮಿನಲ್ಲಿದ್ದ ನಾಸಿಕದ ಹುಡುಗ ಒಂದು ರಾತ್ರಿ ಹೆಡ್‌ಫೋನ್ ತೆಗೆದು ‘ಇದು ನಿಮ್ಮ ಭಾಷೆ ಅಲ್ಲವಾ’ ಅಂತ ಕೇಳಿದ. ರಘು ದೀಕ್ಷಿತ್ ಶಿಶುನಾಳ ಶರೀಫರ ಪದ ಹಾಡ್ತಿದ್ದರು, ಗಿಟಾರಿನ ಮೇಲೆ. ರಘು ದೀಕ್ಷಿತ್ ಅವರ ಮೊದಲ ಆಲ್ಬಂ ಬಂದದ್ದು 2008ರಲ್ಲಿ. ಪುಣೆಯಲ್ಲಿ ಎನ್‌ಎಚ್‌7 ವೀಕೆಂಡರ್ ಶುರುವಾದದ್ದು 2010ರಲ್ಲಿ. ಇಂಗ್ಲಿಷ್, ಹಿಂದಿ ಹಾಡು ಕೇಳುವ ಹುಡುಗರ ನಡುವೆ ಕನ್ನಡದ ಹಾಡೂ ಸುಳಿದಾಡತೊಡಗಿದ ಕಾಲ ಅದು. ನನ್ನ ಗೆಳೆಯನಿಗೆ ಅದು ಇಂಡೀ. ನನಗೆ ಅದು ಶ್ರಾವಣದಲ್ಲಿ ಗುಡಿಯ ಕಟ್ಟೆ ಮೇಲೆ ಏಕತಾರಿ, ದಮ್ಮಡಿ ಹಿಡಿದು ಕೂಡುವ ಭಜನಿ ಮಂದಿಯ ಪದ. ಅದೇ ಹಾಡು, ನಮ್ಮಿಬ್ಬರಿಗೂ ಬೇರೆ ಬೇರೆ ಕಡೆಯಿಂದ ಬಂದಿತ್ತು. ನನಗೆ ಅದು ಗುರುತು ಸಿಕ್ಕದ್ದು ಒಂದು ಅಕ್ಷರವೂ ಓದದೆ.

ಇದು ಹೊಸ ಸಂಗತಿಯೂ ಅಲ್ಲ. ಪುಣೆಯ ಸವಾಯಿ ಗಂಧರ್ವ ಉತ್ಸವ ಶುರುವಾದದ್ದು 1953ರಲ್ಲಿ. ಅದನ್ನು ಕಟ್ಟಿದ ಭೀಮಸೇನ ಜೋಶಿ ಗದಗಿನ ಕಡೆಯವರು, ಯಾರ ನೆನಪಿಗೆ ಕಟ್ಟಿದರೋ ಆ ಸವಾಯಿ ಗಂಧರ್ವರು ಕುಂದಗೋಳದವರು. ಭೀಮಸೇನರು ಮರಾಠಿಯಲ್ಲಿ ಸಂತವಾಣಿ, ಕನ್ನಡದಲ್ಲಿ ದಾಸವಾಣಿ ಹಾಡಿದರು. ಎರಡನ್ನೂ ಒಂದೇ ಕೂತಲ್ಲಿ ಕೇಳಿ ಎರಡೂ ಅರ್ಥವಾಗುವ ಮಂದಿ ಇರುವುದು ಗಡಿಯಲ್ಲೇ. ನಮ್ಮ ಕಾಕಾ ಪಂಢರಪುರದ ವಾರಿಗೂ ಹೋಗ್ತಾರೆ, ಬಸವಕಲ್ಯಾಣಕ್ಕೂ ಹೋಗ್ತಾರೆ. ಅವರಿಗೆ ಇದರಲ್ಲಿ ಏನೂ ವಿಶೇಷ ಕಾಣುವುದಿಲ್ಲ. ವಿಶೇಷ ಕಾಣುವುದು ನಮ್ಮಂಥ ಪ್ರಬಂಧ ಬರೆಯುವವರಿಗೆ.

‘ಇಂಡೀ’ ಎಂಬ ಮಾತಿನ ಬಗ್ಗೆ ನನಗೊಂದು ತಕರಾರಿದೆ. ಸಿನಿಮಾದ ಹೊರಗೆ, ದೊಡ್ಡ ಕಂಪನಿಯ ಹಂಗಿಲ್ಲದೆ ಬರುವ ಹಾಡು ಅಂತ ಅದರ ಅರ್ಥವಾದರೆ, ಕನ್ನಡದಲ್ಲಿ ಸಿನಿಮಾದ ಹೊರಗಿನ ಹಾಡಿಗೆ ಹಳೆಯ ದಾರಿ ಇದೆ. ನಿಸಾರ್ ಅಹಮದ್ ಅವರ ಕವಿತೆಗಳ ‘ನಿತ್ಯೋತ್ಸವ’ ಕ್ಯಾಸೆಟ್ಟು 1978ರಲ್ಲೇ ಬಂದಿತ್ತು. ಈಗಿನ ಲೆಕ್ಕದಲ್ಲಿ ನೋಡಿದರೆ ನಿಜವಾದ ಇಂಡೀ ನಮ್ಮ ಕಬ್ಬಿನ ಟ್ರ್ಯಾಕ್ಟರಿನ ಮೇಲೆ ಇದೆ. ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆಯ ಹುಡುಗರು ತಾವೇ ಬರೆದು, ಸಣ್ಣ ಸ್ಟುಡಿಯೋದಲ್ಲಿ ಹಾಡಿ, ಯೂಟ್ಯೂಬಿಗೆ ಹಾಕುವ ‘ಜಾನಪದ’ ಹಾಡುಗಳು. ಮಾಳು ನಿಪನಾಳ ಅವರ ‘ನಾ ಡ್ರೈವರ’ ಬೆಂಗಳೂರಿನವರ ಫೋನಿಗೂ ಬಂತು. ಆದರೆ ಅದಕ್ಕೆ ಇಂಡೀ ಅಂತ ಯಾರೂ ಕರೆಯಲಿಲ್ಲ. ಕಾರ್ಖಾನೆಗೆ ಕಬ್ಬು ಹೊತ್ತು ಸಾಲಾಗಿ ನಿಂತ ಟ್ರ್ಯಾಕ್ಟರುಗಳಲ್ಲಿ ರಾತ್ರಿಯೆಲ್ಲ ಒಂದರಲ್ಲಿ ಮರಾಠಿ, ಇನ್ನೊಂದರಲ್ಲಿ ಕನ್ನಡ ಬಾರಿಸ್ತಿರ್ತದೆ. ಆ ಹಾಡುಗಳ ಸಾಹಿತ್ಯ ಎಲ್ಲವೂ ಚೆನ್ನಾಗಿದೆ ಅಂತ ನಾನು ಹೇಳಲ್ಲ. ಹೆಣ್ಣುಮಕ್ಕಳ ಬಗ್ಗೆ ಅದರಲ್ಲಿ ಬರುವ ಮಾತು ಎಷ್ಟೋ ಸಲ ಕೇಳಲಾರದ್ದು. ಆದರೂ ಶಹರದ ಸಹಾಯವಿಲ್ಲದೆ ಬೆಳೆದ ಹಾಡು ಯಾವುದು ಅಂತ ಕೇಳಿದರೆ ನಾನು ಇದನ್ನೇ ತೋರಿಸ್ತೀನಿ.

ಫೋನಿನ ವಿಷಯ ಬಂದದ್ದಕ್ಕೆ ಒಂದು ಮಾತು. ಕಿವಿಯ ಹಾದಿಯೂ ಪೂರ್ತಿ ತೆರೆದಿಲ್ಲ. ನನ್ನ ತಮ್ಮನ ಫೋನು ಮರಾಠಿಯಲ್ಲಿ, ಇರುವ ಜಾಗ ಮಹಾರಾಷ್ಟ್ರ, ಹುಡುಕುವುದು ದೇವನಾಗರಿಯಲ್ಲಿ. ಹಾಗಾಗಿ ಅದು ಅವನ ಮುಂದೆ ಮರಾಠಿ ಹಾಡನ್ನೇ ತಂದು ಇಡ್ತದೆ. ಅವನಿಗೆ ಒಂದು ಕನ್ನಡ ರ‍್ಯಾಪ್ ಹಾಡು ಸಿಗಬೇಕಾದರೆ ಯಾರಾದರೂ ಲಿಂಕು ಕಳಿಸಬೇಕು. ನಮ್ಮಲ್ಲಿ ಹೊಸ ಕನ್ನಡ ಹಾಡು ಹಬ್ಬುವುದು ಹೀಗೇ: ಕಲಬುರಗಿಗೆ ಕೊಟ್ಟ ಅಕ್ಕ, ಬೀದರದಲ್ಲಿ ಕೆಲಸಕ್ಕಿರುವ ಮಾಮಾ, ಇವರ ವಾಟ್ಸಾಪ್‌ನಿಂದ. ಬೀಗತನದ ಜಾಲ ಅನ್ನಬಹುದು. ಸಂಶೋಧನೆಯಲ್ಲಿ ಇದಕ್ಕೆ ದೊಡ್ಡ ಹೆಸರಿದೆ, ನಾನು ಬಳಸಲ್ಲ.

ಎರಡನೆಯದು ಚಿತ್ರಕಲೆ. ಇದಕ್ಕೆ ಅಕ್ಷರ ಬೇಕಾಗಿಲ್ಲ, ಆದ್ದರಿಂದ ಎಲ್ಲಕ್ಕಿಂತ ಸುಲಭವಾಗಿ ದಾಟಬೇಕು ಅನ್ನಿಸ್ತದೆ. ಒಂದು ಕಾಲಕ್ಕೆ ದಾಟಿತ್ತು ಕೂಡ. ಕಲಬುರಗಿಯಲ್ಲಿ 1916ರಲ್ಲಿ ಹುಟ್ಟಿದ ಎಸ್.ಎಂ. ಪಂಡಿತ್ ಮುಂಬಯಿಗೆ ಹೋಗಿ ಸಿನಿಮಾ ಪೋಸ್ಟರು, ಪುರಾಣದ ಚಿತ್ರಗಳ ಕ್ಯಾಲೆಂಡರು ಮಾಡಿ ಹೆಸರಾದರು. ಅವರ ದೇವರ ಚಿತ್ರಗಳು ಎಷ್ಟೋ ಮನೆಯ ಗೋಡೆ ಮೇಲೆ ಮೊಳೆಗೆ ನೇತಾಡಿದವು, ತಿಂಗಳು ಮುಗಿದ ಮೇಲೆ ಹಾಳೆ ಕತ್ತರಿಸಿ ಚೌಕಟ್ಟು ಹಾಕಿಸಿದವರೂ ಇದ್ದರು. ನೋಡಿದವರಿಗೆ ಹೆಸರು ಗೊತ್ತಿರಲಿಲ್ಲ, ಬರೆದವರು ನಮ್ಮ ಪಕ್ಕದ ಜಿಲ್ಲೆಯವರು ಅನ್ನೋದೂ ಗೊತ್ತಿರಲಿಲ್ಲ. ಕಲೆ ತಲುಪಿತ್ತು, ಕಲಾವಿದ ತಲುಪಿರಲಿಲ್ಲ.

ಈಗಿನ ಕಲೆಯ ಕತೆ ಬೇರೆ. ಶೀಲಾ ಗೌಡ ಅವರ ಕೆಲಸ ನಿಮ್ಮಲ್ಲಿ ಬಹಳ ಜನ ನೋಡಿರಬಹುದು. ಭದ್ರಾವತಿಯಲ್ಲಿ ಹುಟ್ಟಿ, ಬೆಂಗಳೂರಿನ ಕೆನ್ ಕಲಾ ಶಾಲೆಯಲ್ಲಿ ಓದಿ, 1990ರ ದಶಕದಿಂದ ಸಗಣಿ, ಕುಂಕುಮ, ದಾರ, ಸೂಜಿ, ಕೂದಲು ಬಳಸಿ ಕೃತಿ ಮಾಡಿದವರು. 2007ರ ಡಾಕ್ಯುಮೆಂಟಾ, 2009ರ ವೆನಿಸ್ ಬಿಯೆನಾಲೆಗೆ ಹೋದವರು. ನಾನು ಒಮ್ಮೆ ಊರಿಗೆ ಬಂದಾಗ ಅವರ ಸಗಣಿಯ ಕೃತಿಯೊಂದರ ಫೋಟೊ ಲ್ಯಾಪ್‌ಟಾಪಿನಲ್ಲಿ ನೋಡ್ತಾ ಕೂತಿದ್ದೆ. ಆಯಿ ಹಿಂದೆ ಬಂದು ನಿಂತು, ‘ಕುಳ್ಳು ಯಾಕ ನೋಡ್ಲತ್ತೀಯೋ?’ ಅಂದಳು. ಇದು ಪ್ರದರ್ಶನಕ್ಕೆ ಇಟ್ಟದ್ದು, ಹೊರದೇಶದಲ್ಲೂ ನೋಡ್ತಾರ ಅಂದೆ. ಆಕೆ ನಗಲಿಲ್ಲ. ಹತ್ತಿರ ಬಂದು ನೋಡಿ, ‘ಚಲೋ ಒಣಗ್ಯಾವ. ಮಳಿಗಾಲಕ್ಕ ಮೊದಲ ತಟ್ಯಾರ’ ಅಂದಳು. ಗ್ಯಾಲರಿಯಲ್ಲಿ ನಾನು ಕೇಳಿದ ಎಷ್ಟೋ ಮಾತಿಗಿಂತ ಇದು ಆ ವಸ್ತುವಿಗೆ ಹತ್ತಿರದ ಮಾತು. ಸಗಣಿ ಯಾವಾಗ ತಟ್ಟಬೇಕು, ಬಿರುಕು ಯಾಕೆ ಬರ್ತದೆ ಅನ್ನೋದು ಗೊತ್ತಿದ್ದವರಿಗೆ ಆ ಕೃತಿಯ ದುಡಿಮೆ ಮೊದಲು ಕಾಣ್ತದೆ. ಆದರೆ ಆಯಿ ಆ ಕೃತಿಯ ಮುಂದೆ ನಿಲ್ಲುವಂತಿಲ್ಲ. ನಿಂತರೂ ಪಕ್ಕದ ಗೋಡೆಯಲ್ಲಿರುವ ವಿವರಣೆ ಹೆಚ್ಚಾಗಿ ಇಂಗ್ಲಿಷಿನಲ್ಲಿ. ಸಮಕಾಲೀನ ಕಲೆ ಕಣ್ಣಿಗೆ ಅಂತ ಮಾಡಿದ್ದಾದರೂ ಅದರ ಬಾಗಿಲು ಅಕ್ಷರದ್ದೇ.

ಈ ಕಾರಣಕ್ಕೇ ನನಗೆ ಬೆಂಗಳೂರಿನಲ್ಲಿ ಒಗ್ಗಿದ್ದು ಚಿತ್ರಸಂತೆ. ಚಿತ್ರಕಲಾ ಪರಿಷತ್ತು ಕುಮಾರಕೃಪಾ ರಸ್ತೆಯಲ್ಲಿ ಪ್ರತಿ ವರ್ಷ ಜನವರಿಯ ಒಂದು ಭಾನುವಾರ ನಡೆಸುವ ಸಂತೆ. ಅಲ್ಲಿ ಕೃತಿ ಪಾದಚಾರಿ ಹಾದಿಯಲ್ಲಿ, ಮಾಡಿದವರು ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿರ್ತಾರೆ. ‘ಇದು ಹೆಂಗ ಮಾಡೀರಿ?’ ಅಂತ ಬಾಯಿಬಿಟ್ಟು ಕೇಳಬಹುದು. ವಿಮರ್ಶಕರು ಅದನ್ನು ಬಜಾರು ಅಂತ ಬಯ್ಯುವುದು ನನಗೆ ಗೊತ್ತು, ಬಹಳಷ್ಟು ಚಿತ್ರಗಳು ಮನೆ ಅಲಂಕಾರಕ್ಕೆ ಮಾಡಿದವು ಅನ್ನೋದೂ ನಿಜ. ಶಾಂತಿನಗರದ 1 ಶಾಂತಿರೋಡ್‌ನಂಥ ಜಾಗದಲ್ಲಿ ಸಿಗುವ ಗಟ್ಟಿ ಕೆಲಸ ಅಲ್ಲಿ ಕಡಿಮೆ. ಆದರೆ ಅಲ್ಲಿ ಪ್ರಶ್ನೆ ಕೇಳಲು ನನಗೆ ನಾಚಿಕೆ ಆಗಲಿಲ್ಲ. 1 ಶಾಂತಿರೋಡಿಗೆ ಮೊದಲ ಸಲ ಹೋದಾಗ ಗೇಟಿನಿಂದಲೇ ಹಿಂದಕ್ಕೆ ಬಂದಿದ್ದೆ, ಯಾರೂ ತಡೆದಿರಲಿಲ್ಲ.

ಈಗ ಪುಸ್ತಕ. ಇದೇ ಗಟ್ಟಿ ಗೋಡೆ, ಹಾಗಾಗಿ ಸ್ವಲ್ಪ ಹೊತ್ತು ಇಲ್ಲಿ ನಿಲ್ತೀನಿ.

2022ರ ಏಪ್ರಿಲ್‌ನಲ್ಲಿ ಉದಗೀರದಲ್ಲಿ 95ನೆಯ ಅಖಿಲ ಭಾರತೀಯ ಮರಾಠಿ ಸಾಹಿತ್ಯ ಸಮ್ಮೇಳನ ನಡೆಯಿತು. ಅಧ್ಯಕ್ಷರು ಕತೆಗಾರ ಭಾರತ ಸಾಸಣೆ. ಶಹರದ ಪುಸ್ತಕಲೋಕ ತಾನೇ ಎದ್ದು ನಮ್ಮ ಊರಿಗೆ ಬಂದ ಹಾಗೆ. ಮೂರು ದಿನ ಊರು ಪುಸ್ತಕದ ಊರಾಗಿತ್ತು. ಅಲ್ಲಿ ನಾನು ಮೊದಲು ಕೈಗೆತ್ತಿಕೊಂಡದ್ದು ಭೈರಪ್ಪನವರ ‘ಪರ್ವ’, ಮರಾಠಿಯಲ್ಲಿ. ಅನುವಾದ ಉಮಾ ಕುಲಕರ್ಣಿ. ನಮ್ಮ ಕಡೆಯವರು ಓದಿದ ಕನ್ನಡ ಸಾಹಿತ್ಯದ ಬಹುಪಾಲು ಇಂಥದ್ದೇ: ಕನ್ನಡದ ಕಾದಂಬರಿ, ಪುಣೆಯಲ್ಲಿ ಮರಾಠಿಯಾಗಿ, ದೇವನಾಗರಿಯಲ್ಲಿ ನಮಗೆ ಬರ್ತದೆ. ಆ ಅನುವಾದಗಳು ಹುಟ್ಟಿದ ರೀತಿ ಕೇಳಿದಾಗ ನನಗೆ ಆಶ್ಚರ್ಯವಾಯಿತು. ಉಮಾ ಅವರ ಪತಿ ವಿರೂಪಾಕ್ಷ ಕುಲಕರ್ಣಿ ಕನ್ನಡ ಪುಸ್ತಕವನ್ನು ಗಟ್ಟಿಯಾಗಿ ಓದುವುದು, ಅದನ್ನು ಕೇಳಿ ಇವರು ಮರಾಠಿಗೆ ತರುವುದು. ಅಂದರೆ ಅಷ್ಟು ದೊಡ್ಡ ಕೆಲಸವೂ ಕಿವಿಯ ಮೂಲಕವೇ ಆಯಿತು. ನಮ್ಮ ಮನೆಯ ಸ್ಥಿತಿಯೇ ಅದು, ನಮ್ಮಲ್ಲಿ ಗಟ್ಟಿಯಾಗಿ ಓದಿ ಹೇಳುವವರು ಮಾತ್ರ ಇರಲಿಲ್ಲ.

ಇನ್ನೂ ಹತ್ತಿರದ ಉದಾಹರಣೆ. 2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ಕತೆಗಳಿಗೆ ಅಂತರರಾಷ್ಟ್ರೀಯ ಬೂಕರ್ ಬಂತು. ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ ‘ಹಾರ್ಟ್ ಲ್ಯಾಂಪ್’, ಹನ್ನೆರಡು ಕತೆಗಳು. ಮರುವಾರವೇ ಪುಣೆಯ ಗೆಳತಿಯೊಬ್ಬಳು ಇಂಗ್ಲಿಷ್ ಪುಸ್ತಕ ಕೊಂಡು ಫೋಟೊ ಕಳಿಸಿದಳು. ಆಕೆ ನಿಲಂಗಾದವಳು, ಮನೆಯಲ್ಲಿ ಕನ್ನಡ. ಓದಿ ಮುಗಿಸಿ ಫೋನ್ ಮಾಡಿ ಹೇಳಿದಳು: ‘ಇದರಾಗಿನ ಅತ್ತಿ, ನಾದಿನಿ ಮಾತಾಡೋದು ನನಗ ಇಂಗ್ಲಿಷಿನ ಒಳಗಿಂದ ಕನ್ನಡದಾಗ ಕೇಳಸ್ತದ. ಆದರ ಕನ್ನಡ ಪುಸ್ತಕ ಕೊಟ್ಟರ ಒಂದು ಸಾಲೂ ಓದಲಿಕ್ಕಿ ಬರಂಗಿಲ್ಲ.’ ಕನ್ನಡದ ಕತೆ ಲಂಡನ್ನಿಗೆ ಹೋಗಿ, ಇಂಗ್ಲಿಷಾಗಿ ಪುಣೆಗೆ ಬಂದು, ಕನ್ನಡ ಬಲ್ಲ ಹೆಣ್ಣುಮಗಳಿಗೆ ಸಿಕ್ಕಿತು.

ಇದಕ್ಕೆ ದೇವನಾಗರಿಯಲ್ಲೇ ಕನ್ನಡ ಬರೆದರೆ ಆಗದೇ ಅಂತ ಕೇಳಬಹುದು. ನಾವು ಬರೀತೀವಿ, ದಿನಾ ವಾಟ್ಸಾಪ್‌ನಲ್ಲಿ ಅದನ್ನೇ ಮಾಡೋದು. ಅಲ್ಲಿ ಒಂದು ಸಣ್ಣ, ಆದರೆ ಕಾಡುವ ತೊಂದರೆ ಇದೆ. ಕನ್ನಡದಲ್ಲಿ ಎ ಬೇರೆ, ಏ ಬೇರೆ, ಒ ಬೇರೆ, ಓ ಬೇರೆ. ಮರಾಠಿ ಬರಹದಲ್ಲಿ ಆ ಭೇದ ಇಲ್ಲ, ಎರಡಕ್ಕೂ ಒಂದೇ ಗುರುತು. ನಾನೊಮ್ಮೆ ಗೆಳೆಯನಿಗೆ ‘ಪುಸ್ತಕ ಓದಿ ಕಳಸು’ ಅಂತ ದೇವನಾಗರಿಯಲ್ಲಿ ಬರೆದೆ. ಅವನು ‘ಒದಿ’ ಅಂತ ಓದಿಕೊಂಡು, ‘ಪುಸ್ತಕಕ್ಕ ಯಾಕ ಒದೀಬೇಕೋ?’ ಅಂತ ಉತ್ತರ ಹಾಕಿದ. ಇಂಗ್ಲಿಷ್ ಅಕ್ಷರದಲ್ಲಿ ಬರೆದರೂ ಇದೇ ಗತಿ. ಯೂನಿಕೋಡ್‌ನಲ್ಲಿ ದೇವನಾಗರಿಗೆ ಹ್ರಸ್ವ ಎ, ಹ್ರಸ್ವ ಒ ಗುರುತುಗಳು ಇವೆ, ದ್ರಾವಿಡ ಭಾಷೆಗಳನ್ನು ಬರೆಯಲೆಂದೇ. ಆದರೆ ನಮ್ಮ ಮನೆಯವರ ಫೋನಿನ ಮರಾಠಿ ಕೀಲಿಮಣೆಯಲ್ಲಿ ನಾನು ಅವನ್ನು ಕಂಡಿಲ್ಲ, ಕಂಡರೂ ಓದುವವರಿಗೆ ಗುರುತು ಸಿಗಬೇಕಲ್ಲ.

ಇನ್ನೊಂದು ದಾರಿ, ಅಕ್ಷರ ಕಲಿಯುವುದು. ಇದನ್ನು ಯಾರೂ ಗಂಭೀರವಾಗಿ ಹೇಳುವುದಿಲ್ಲ, ಯಾಕಂದರೆ ಅಕ್ಷರ ಕಲಿಯೋದು ಅಂದರೆ ಮಕ್ಕಳ ಕೆಲಸ ಅಂತ ಎಲ್ಲರ ಭಾವನೆ. ನಮ್ಮ ಲೆಕ್ಕ ನೋಡಿ. ಭಾಷೆ ಈಗಾಗಲೇ ಬರ್ತದೆ. ದೇವನಾಗರಿಯ ವರ್ಗಗಳ ಕ್ರಮವೇ ಕನ್ನಡದ ಕ್ರಮ: ಕ ಖ ಗ ಘ ಅದೇ, ಳ ಕೂಡ ಮರಾಠಿಯಲ್ಲಿದೆ. ಕಾಗುಣಿತದ ಯೋಚನೆಯೂ ಒಂದೇ. ಹೊಸದಾಗಿ ಬೇಕಾದದ್ದು ಆಕಾರಗಳು, ಒತ್ತಕ್ಷರ ಕೆಳಗೆ ಬರುವ ರೀತಿ, ಆ ಎರಡು ಹ್ರಸ್ವ ಸ್ವರಗಳು. ಪುಣೆಯಲ್ಲಿ ನಾವು ಮೂರು ಮಂದಿ ಕೂತು ಕಲಿತಾಗ ಒಂದು ತಿಂಗಳಿಗೆ ಪೇಪರಿನ ತಲೆಬರಹ ಓದುವಷ್ಟಾಯಿತು. ಮೊದಲು ಓದಿದ ಪೂರ್ತಿ ವಾಕ್ಯ ಕರ್ನಾಟಕ ಸಾರಿಗೆ ಬಸ್ಸಿನ ಫಲಕ. ಇಷ್ಟು ವರ್ಷ ಆ ಬಸ್ಸಿಗೆ ಕಂಡಕ್ಟರನ ಕೂಗು ಕೇಳಿ ಹತ್ತುತ್ತಿದ್ದೆ.

ಇದಕ್ಕೆ ನಮ್ಮಲ್ಲೇ ದೊಡ್ಡ ಮಾದರಿ ಇದ್ದಾರೆ, ಸೋಲಾಪುರದ ಜಯದೇವಿತಾಯಿ ಲಿಗಾಡೆ. ಅವರು ಓದಿದ್ದು ಮರಾಠಿ ಶಾಲೆಯಲ್ಲಿ, ಕನ್ನಡ ಬರಹ ಕಲಿತದ್ದು ಸ್ವಂತ ಪ್ರಯತ್ನದಿಂದ. ಕಲಿತು ಸಿದ್ಧರಾಮನ ಮೇಲೆ ತ್ರಿಪದಿಯಲ್ಲಿ ಪುರಾಣ ಬರೆದರು, 1974ರ ಮಂಡ್ಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಆ ಪೀಠಕ್ಕೆ ಬಂದ ಮೊದಲ ಮಹಿಳೆ. ಅವರು ಆರಿಸಿಕೊಂಡದ್ದು ತ್ರಿಪದಿ ಅನ್ನೋದನ್ನು ಗಮನಿಸಬೇಕು, ಬೀಸುವ ಕಲ್ಲಿನ ಮುಂದೆ ಹೆಣ್ಣುಮಕ್ಕಳು ಹಾಡುವ ಛಂದಸ್ಸು. ಕಿವಿಯಲ್ಲಿ ಇದ್ದದ್ದನ್ನೇ ಕಣ್ಣಿಗೆ ತಂದುಕೊಂಡರು. ಇನ್ನೂ ಹಿಂದೆ, ನಿಜಾಮರ ಕಾಲದಲ್ಲಿ, ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ್ದನ್ನು ನಮ್ಮ ಹಿರಿಯರು ಈಗಲೂ ಹೇಳ್ತಾರೆ. ಭಾಲ್ಕಿ ಉದಗೀರಕ್ಕೆ ರೈಲಿನಲ್ಲಿ ಹತ್ತಿರದ ಊರು.

ಈ ನಡುವೆ ಕಿವಿಯ ಪುಸ್ತಕವೂ ಬಂದಿದೆ. ಮೈಲ್ಯಾಂಗ್‌ನಂಥ ಕಡೆ ಕನ್ನಡದ ಹೊಸ ಪುಸ್ತಕಗಳು ಕೇಳುವ ರೂಪದಲ್ಲಿ ಸಿಗ್ತಾವೆ. ನಮ್ಮ ಅವ್ವ ಜೋಳದ ರೊಟ್ಟಿ ಬಡೀತಾ ಕತೆ ಕೇಳಿದ್ದಾಳೆ. ಅಂಗಡಿಯಲ್ಲಿ ಪುಸ್ತಕ ಬೇಕು ಅಂದರೆ ನಮಗೆ ಕಲಬುರಗಿಯೇ ಹತ್ತಿರ, ಆಳಂದ ಹಾದಿಯಲ್ಲಿ ಹೋಗಿ ಬಂದರೆ ಒಂದು ದಿನ ಬೇಕು. ಬೆಂಗಳೂರಿನ ಗಾಂಧಿಬಜಾರಿನ ಅಂಕಿತದಲ್ಲಿ ಹೊಸ ಪುಸ್ತಕ ಬಂದ ಸುದ್ದಿ ಫೇಸ್‌ಬುಕ್ಕಿನಲ್ಲಿ ಅದೇ ದಿನ ಕಾಣ್ತದೆ, ಆದರೆ ಅದೂ ಕನ್ನಡ ಅಕ್ಷರದಲ್ಲೇ ಇರ್ತದೆ. ಬೇಕಾದವರ ಕಣ್ಣ ಮುಂದೆಯೇ ಹಾದು ಹೋಗ್ತದೆ.

ನನ್ನ ಮಾತು ಇಷ್ಟೇ. ಪ್ರಶ್ನೆ ಇದ್ದರೆ ಕೇಳ್ರಿ.

ಪ್ರಶ್ನೆ (ಅಧ್ಯಾಪಕರೊಬ್ಬರು): ಮರಾಠಿಯಲ್ಲಿ ಕಲಿತವರು ಮರಾಠಿಯಲ್ಲೇ ಓದಲಿ, ಬರೆಯಲಿ. ಅದು ಸಹಜವಲ್ಲವೇ? ಅದರಲ್ಲಿ ನಷ್ಟ ಏನು?

ಸರ್, ಮರಾಠಿ ಓದುವುದರಲ್ಲಿ ನಷ್ಟ ಇಲ್ಲ. ನನಗೆ ಓದಿನ ರುಚಿ ಹತ್ತಿದ್ದೇ ಮರಾಠಿಯಿಂದ. ಲಾತೂರ ಜಿಲ್ಲೆಯ ಲಕ್ಷ್ಮಣ ಗಾಯಕವಾಡ ಅವರ ‘ಉಚಲ್ಯಾ’ಕ್ಕೆ 1988ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಮ್ಮ ನೆಲದ ಬದುಕನ್ನು ಹಾಗೆ ಬರೆಯಬಹುದು ಅಂತ ನನಗೆ ತೋರಿಸಿದ ಪುಸ್ತಕ ಅದು. ಹಾಗಾಗಿ ನನ್ನದು ಮರಾಠಿಯ ಮೇಲಿನ ದೂರಲ್ಲ. ನಷ್ಟ ಎಲ್ಲಿ ಅಂತ ಕೇಳಿದರೆ ನಮ್ಮ ಮನೆಯದೇ ಹೇಳ್ತೀನಿ. ಆಯಿ ಹಾಡ್ತಿದ್ದ ಬೀಸುವ ಪದಗಳನ್ನು ನಮ್ಮ ಚಿಕ್ಕವ್ವ ಒಂದು ವಹಿಯಲ್ಲಿ ಬರೆದಿಟ್ಟಿದ್ದಾಳೆ, ದೇವನಾಗರಿಯಲ್ಲಿ. ಆಕೆಗೆ ಬರ್ತಿದ್ದ ಅಕ್ಷರ ಅದೇ. ಆಯಿ ತೀರಿ ಎರಡು ವರ್ಷ ಆಯಿತು. ಈಗ ನಾನು ಅದನ್ನು ಕನ್ನಡಕ್ಕೆ ಇಳಿಸ್ತಿದ್ದೇನೆ. ಒಂದು ಪದದಲ್ಲಿ ‘ಎರಿ’ ಅಂತ ಇದೆಯೋ ‘ಏರಿ’ ಅಂತ ಇದೆಯೋ ಗೊತ್ತಾಗವಲ್ದು. ಎರಿ ಅಂದರೆ ಕಪ್ಪು ಮಣ್ಣಿನ ಹೊಲ, ಏರಿ ಅಂದರೆ ಕೆರೆಯ ಕಟ್ಟೆ. ಎರಡೂ ಅರ್ಥ ಆ ಸಾಲಿಗೆ ಕೂಡ್ತದೆ. ಅಣ್ಣ ಹೊಲದಿಂದ ಬರ್ತಾನೋ, ಕೆರೆ ಏರಿ ಮೇಲಿಂದ ಬರ್ತಾನೋ? ಚಿಕ್ಕವ್ವನನ್ನು ಕೇಳಿದರೆ, ‘ಬರೀವಾಗ ಗೊತ್ತಿತ್ತು, ಈಗ ನೆನಪಿಲ್ಲ’ ಅಂತಾಳೆ.

ಪ್ರಶ್ನೆ (ಸಂಶೋಧನಾ ವಿದ್ಯಾರ್ಥಿನಿ): ಹಾಗಾದರೆ ನೀವು ಹೇಳುವ ಊರುಗಳಲ್ಲಿ ಕಲೆಯ ಅನುಯಾಯಿಗಳಷ್ಟೇ ಇದ್ದಾರಾ, ಹೊಸದಾಗಿ ಮಾಡುವವರು ಇಲ್ಲವಾ?

ಇದ್ದಾರೆ, ಆದರೆ ಕನ್ನಡದ ಲೆಕ್ಕಕ್ಕೆ ಬರುವುದಿಲ್ಲ. ಮರಾಠಿಯಲ್ಲಿ ಬರೆದರೆ ಮರಾಠಿ ಲೇಖಕರು, ಚಿತ್ರ ಬರೆದರೆ ಪುಣೆ, ಮುಂಬಯಿ ಕಲಾವಿದರು. ಕನ್ನಡದಲ್ಲಿ ಹಾಡಿದರೆ ‘ಜಾನಪದ’. ಮನೆಯಲ್ಲಿ ಕನ್ನಡ ಆಡ್ತಾರೆ ಅನ್ನೋದು ಯಾವ ಪಟ್ಟಿಯಲ್ಲೂ ಬರಲ್ಲ.

ಪ್ರಶ್ನೆ (ಚಾಟ್‌ನಲ್ಲಿ, ನಿಲಂಗಾದಿಂದ, ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ): ಅಣ್ಣಾ, ಆ ವಹಿಯ ಹಾಡು ನಮ್ಮಲ್ಲೂ ಇರಬಹುದು. ಹೆಂಗ ತಿಳೀಬೇಕು?

ನೋಡ್ರಿ, ಆ ಪುಟದ ಫೋಟೊ ಈಗಲೇ ಚಾಟ್‌ನಲ್ಲಿ ಹಾಕ್ತೀನಿ. ದೇವನಾಗರಿ ಇದೆ, ನಿನಗ ಓದಲಿಕ್ಕಿ ಬರ್ತದ. ನಿಮ್ಮ ಮನ್ಯಾಗ ಆಯಿ ಇದ್ದರ ಮೊದಲ ಸಾಲು ಓದಿ ಕೇಳಸು. ಹಾಡು ಬರ್ತದ ಅಂದರ ಫೋನಿನ್ಯಾಗ ಹಾಡಿಸಿ ರೆಕಾರ್ಡ್ ಮಾಡಿ ಕಳಸು. ಬರದು ಕಳಸಬ್ಯಾಡ.